ಸಿಟ್ಟು ಬಂದರ ಕುಂದ್ರು

ಕಂಪ್ಲಿ
೧೫ ಜನವರಿ ೨೦೦೭

ಕರ್ತನಲ್ಲಿ ಪ್ರೀತಿಯ ಉಪದೇಶಿ ಪಾಲಪ್ಪನಿಗೆ, ಹಿರಿಯ ಪಾದ್ರಿ ಉಜ್ಜಿನಪ್ಪ ಮಾಡುವ ವಂದನೆಗಳು.

ನಾನು ಆರಾಮದೀನಿ, ಮಂಡಿ ಒಂದು ಬಿಟ್ಟು. ಕಾಲುವಿಗೆ ನೀರು ಬಿಟ್ಟಾರ, ಸೊಳ್ಳಿ ಭಾಳ. ಕುಶಲ ಇಷ್ಟು ಸಾಕು, ಈಗ ಬೈಯಾಕ ಸುರು ಮಾಡ್ತೀನಿ.

ಏಳನೇ ತಾರೀಖು ಐತ್ವಾರ ನೀನು ಯಶವಂತನಗರದ ಚರ್ಚಿನ್ಯಾಗ ಸೌಮ್ಯತೆ ಮ್ಯಾಲೆ ಪ್ರಸಂಗ ಮಾಡ್ತಿದ್ದಿ. ಹೊರಗ ಅದಿರಿನ ಲಾರಿ ಸಾಲುಗಟ್ಟಿ ನಿಂತು ಹಾರ್ನ್ ಹೊಡೀತಿದ್ವು. ನೀನು ಮಾತು ಅರ್ಧಕ್ಕ ಬಿಟ್ಟು, ಜುಬ್ಬಾದ ತೋಳು ಏರಿಸಿ, ಹೊರಗ ಹೋಗಿ ಲಾರಿ ಹತ್ತಿ, ಅದರ ಹಿತ್ತಾಳಿ ಹಾರ್ನ್ ಕಿತ್ತು ತಂದು ಪ್ರಸಂಗ ಪೀಠದ ಮ್ಯಾಲೆ ಇಟ್ಟು, 'ಹಂಗಾದ್ರ ಸೌಮ್ಯತೆ ಅಂದ್ರ ಏನು' ಅಂತ ಮುಂದುವರಿಸಿದಿ. ಇದನ್ನ ನನಗ ಮೂರು ಮಂದಿ ಬ್ಯಾರೆ ಬ್ಯಾರೆ ಹೇಳ್ಯಾರ. ಮೂವರೂ ನಕ್ಕೋಂತ ಹೇಳಿದ್ರು, ಅದಕ್ಕ ನಂಬಿದೆ.

ನಿನ್ನ ಪಾದ್ರಿ ಪಟ್ಟದ ಅರ್ಜಿ ಮೂರನೇ ಸಲ ಕಮಿಟಿ ಮುಂದ ಐತಿ. ಮೊದಲನೇ ಸಲ ಹಾರ್ಮೋನಿಯಂ ನುಡಿಸೋನ ಮ್ಯಾಲೆ ಹಾಡಿನ ಪುಸ್ತಕ ಒಗದದ್ದಕ್ಕ ಹೋತು. ಎರಡನೇ ಸಲ ನಿನಗ ವಾದ ಮಾಡೋ ಚಟ ಐತಿ ಅಂತ ಕಮಿಟಿಯೋರು ಅಂದ್ರು. ಇಲ್ಲ ಅಂತ ನೀನು ಎರಡು ತಾಸು ವಾದ ಮಾಡಿದಿ. ನಮ್ಮಲ್ಲಿ ನಾಕನೇ ಸಲ ಅನ್ನೋದು ಇಲ್ಲ. ಈ ಸಲ ತಪ್ಪಿದರ ನೀನು ಸಾಯೋತನಕ ಉಪದೇಶಿ. ಪ್ರಸಂಗ ಮಾಡಬಹುದು, ಯಾರಿಗೂ ದೀಕ್ಷಾಸ್ನಾನ ಕೊಡೋ ಹಂಗಿಲ್ಲ.

ಸಭೆ ನಡಸೋನು ಜಗಳಗಂಟ ಆಗಿರಬಾರದು, ಹೊರಗಿನ ಜನಾನೂ ಅವನನ್ನ ಒಳ್ಳೇವನು ಅನ್ನಬೇಕು ಅನ್ನೋದು ನಮ್ಮ ಹಳೇ ಕಟ್ಟಳೆ. ಅದಕ್ಕ ಹೊರಗಿನವರೊಬ್ಬರ ಸಾಕ್ಷಿ ಪತ್ರ ಬೇಕು. ಯಾರದು ಅಂತ ಈ ಸಲ ಕಮಿಟಿಯೋರೇ ಆರಿಸ್ಯಾರ. ಲಾರಿ ಮಾಲೀಕ ಕೊಟ್ರಯ್ಯ. ಹಾರ್ನ್ ಅವನದೇ.

ಇದಕ್ಕ ಫೋನ್ ಮಾಡಬ್ಯಾಡ. ಫೋನಿನ್ಯಾಗ ನಿನ್ನ ಸಿಟ್ಟು ಆ ಕ್ಷಣಕ್ಕ ಕಂಪ್ಲಿ ಮುಟ್ಟತೈತಿ. ಕಾಗದ ಆದರ ಎರಡು ದಿನ ಚೀಲದಾಗ ಕುಂತು ತಣ್ಣಗಾಗಿ ಬರತೈತಿ.

ನಿನ್ನ ಸಲುವಾಗಿ ಬೇಡಿಕೊಳ್ಳುವ,
ಉಜ್ಜಿನಪ್ಪ


ಯಶವಂತನಗರ
೨೨ ಜನವರಿ ೨೦೦೭

ಪೂಜ್ಯ ಹಿರಿಯ ಅಯ್ಯನವರಿಗೆ ಪಾಲಪ್ಪನ ವಂದನೆಗಳು.

ನಿಮ್ಮ ಕಾಗದ ಓದಿ ಸಿಟ್ಟು ಬಂತು. ಹರದು ಒಗೀಬೇಕು ಅಂದೆ, ನಿಮ್ಮ ನಡುಗೋ ಅಕ್ಷರ ನೋಡಿ ಸುಮ್ಮನಾದೆ.

ಒಂದೆರಡು ತಪ್ಪು ಮಾತ್ರ ತಿದ್ದಬೇಕು. ನಾನು ಲಾರಿ ಹತ್ತಲಿಲ್ಲ, ಬಂಪರ್ ಮ್ಯಾಲೆ ನಿಂತೆ. ಹಾರ್ನ್ ಮೊದಲೇ ಸಡ್ಲ ಇತ್ತು. ಹಾಡಿನ ಪುಸ್ತಕ ಒಗದದ್ದು ಖರೆ, ತಾಗಲಿಲ್ಲ. ಮತ್ತ ಆ ಎರಡು ತಾಸಿನ ವಾದದಾಗ ಒಂದು ತಾಸು ಕಮಿಟಿಯೋರೇ ಮಾತಾಡಿದ್ರು.

ಇದನ್ನೆಲ್ಲಾ ಬರದ ಮ್ಯಾಲೆ ಓದಿದೆ. ಮತ್ತ ವಾದ ಮಾಡೀನಿ. ಹೊಡದುಹಾಕಿದರ ಕಾಗದ ಹೊಲಸಾಗತೈತಿ, ಇರಲಿ ಬಿಡ್ರಿ.

ಅಯ್ಯನವರೇ, ಪಟ್ಟ ನನಗ ಜಂಬಕ್ಕ ಬೇಕಾಗಿಲ್ಲ. ಚರ್ಚಿನ ಎದುರಿಗೆ ಚಾ ಅಂಗಡಿ ಇಟ್ಟಿರೋ ಭೀಮವ್ವನ್ನ ನೀವು ನೋಡೀರಿ. ಆಕಿಗೆ ಎಪ್ಪತ್ತೆರಡು. ಒಂಬತ್ತು ವರ್ಷದಿಂದ ಹಿಂದಿನ ಬೆಂಚಿನ್ಯಾಗ ಕುಂದರ್ತಾಳ, ಇನ್ನೂ ದೀಕ್ಷಾಸ್ನಾನ ಆಗಿಲ್ಲ. ತಿಂಗಳಿಗೊಮ್ಮೆ ಹೊಸಪೇಟೆಯಿಂದ ಬರೋ ಪಾದ್ರಿಯೋರು ಎಷ್ಟು ಸಲ ಕರದಾರ. 'ನಮ್ಮ ಪಾಲಪ್ಪಗ ಪಟ್ಟ ಆಗಲಿ, ಅವನ ಕೈಯಿಂದಾನೇ ತಗೋತೀನಿ' ಅಂತ ಕುಂತಾಳ. ಹೋದ ಮಳಿಗಾಲದಾಗ ಎದಿ ನೋವು ಬಂದು ಸಂಡೂರಿನ ದವಾಖಾನಿಗೆ ಒಯ್ಯುವಾಗ ಜೀಪಿನ್ಯಾಗ ನನ್ನ ಕೈ ಹಿಡದು, 'ಜಲ್ದಿ ಮಾಡಪಾ' ಅಂದ್ಲು. ಡ್ರೈವರ್ ತನಗ ಅಂದ್ಲು ಅಂತ ಜೋರು ಹೊಡದ. ಆಕಿ ಹೇಳಿದ್ದು ನನಗ.

ಕೊಟ್ರಯ್ಯಗ ಕ್ಷಮಾಪಣೆ ಪತ್ರ ಬರೀತೀನಿ. ಚೊಲೋ ಬರೀತೀನಿ.

ನಿಮ್ಮ,
ಪಾಲಪ್ಪ


ಯಶವಂತನಗರ
೫ ಫೆಬ್ರುವರಿ ೨೦೦೭

ಶ್ರೀ ಕೊಟ್ರಯ್ಯನವರಿಗೆ ಉಪದೇಶಿ ಪಾಲಪ್ಪನ ನಮಸ್ಕಾರ.

ನಿಮ್ಮ ಹಾರ್ನ್ ಕಿತ್ತದ್ದಕ್ಕ ಮನಸಾರೆ ಕ್ಷಮಾ ಕೇಳ್ತೀನಿ. ಆದರ ನೀವೂ ಕೆಲವು ಮಾತು ತಿಳ್ಕೋಬೇಕು. ಐತ್ವಾರ ಮುಂಜಾನೆ ಹತ್ತರಿಂದ ಹನ್ನೆರಡರ ತನಕ ನಮ್ಮ ಪ್ರಾರ್ಥನೆ ಅಂತ ಚರ್ಚಿನ ಗೋಡಿ ಮ್ಯಾಲೆ ಬರದೈತಿ. ನಿಮ್ಮ ಡ್ರೈವರ್‌ಗಳಿಗೆ ಓದಾಕ ಬರಂಗಿಲ್ಲ ಅಂದ್ರ ಅದು ನನ್ನ ತಪ್ಪಲ್ಲ. ಮುಂದಿನ ಲಾರಿ ನಿಂತಾಗ ಹಿಂದಿನ ಲಾರಿ ಹಾರ್ನ್ ಹೊಡದ್ರ ಮುಂದಿನದು ಹಾರಿ ಹೋಗತೈತೇನು? ನಿಮ್ಮ ಧೂಳು ನಮ್ಮ ಕಿಟಕಿ ಪರದೆ ಮ್ಯಾಲೆ ಐತಿ, ಹಾರ್ಮೋನಿಯಂ ಒಳಗ ಐತಿ, ಕಾಣಿಕಿ ತಟ್ಟಿಯಾಗ ಐತಿ. ಇದಕ್ಕೆಲ್ಲಾ ನಿಮ್ಮ ಹತ್ರ ಉತ್ತರ ಇದ್ದರ ಬರೀರಿ. ಇರಲಿಕ್ಕಿಲ್ಲ.

ಕ್ಷಮೆ ಕೋರುವ,
ಪಾಲಪ್ಪ

ತಾ.ಕ. ನಾನು ಸೌಮ್ಯ ಮನುಷ್ಯ ಅಂತ ನಮ್ಮ ಕಮಿಟಿಗೆ ಒಂದು ಸಾಕ್ಷಿ ಪತ್ರ ಬರದುಕೊಡ್ರಿ. ಈ ವಾರ ಸಿಕ್ಕರ ಉಪಕಾರ. ಹಾರ್ನ್ ನನ್ನ ಬೀರುವಿನ್ಯಾಗ ಐತಿ, ಪತ್ರ ಕೈಗೆ ಬಂದ ಕೂಡ್ಲೆ ಕಳಸ್ತೀನಿ.


ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ
ಯಶವಂತನಗರ
೧೨-೨-೨೦೦೭

ಪಾದ್ರಿಯೋರಿಗೆ ಕೊಟ್ರಯ್ಯನ ಶರಣು.

ನಿಮ್ಮ ಕ್ಷಮೆ ಭೀಮವ್ವನ ಕೈಲಿ ಮುಟ್ಟಿತು. ಎರಡು ಸಲ ಓದಿದೆ. ಒಂದು ಸಾಲಿನ್ಯಾಗ ಕ್ಷಮೆ ಕೇಳೀರಿ, ಉಳಿದದ್ದರಾಗ ಬೈದೀರಿ. ನನ್ನನ್ನ ಬೈಯಾಕ ಮನ್ಯಾಗ ಜನ ಅದಾರ, ನೀವು ತ್ರಾಸು ತಗೊಳ್ಳೋದು ಬೇಕಾಗಿದ್ದಿಲ್ಲ.

ಆ ಹಾರ್ನ್ ನನ್ನ ಮೊದಲನೇ ಲಾರಿದು. ಈಗ ಐದು ಲಾರಿ ಅದಾವ, ಆದರೂ ಆಯುಧ ಪೂಜಿ ದಿನ ನನ್ನ ಹೆಂಡತಿ ಮೊದಲು ಕುಂಕುಮ ಹಚ್ಚೋದು ಆ ಹಾರ್ನಿಗೆ. ಎರಡು ಎತ್ತು ಮಾರಿ ಆ ಲಾರಿ ತಗೊಂಡಾಗ ಎತ್ತಿನ ಕೊಂಬಿಗೆ ಹಚ್ಚೋ ಕುಂಕುಮ ಇನ್ನ ಮ್ಯಾಲೆ ಎಲ್ಲಿ ಹಚ್ಚಲಿ ಅಂತ ಅತ್ತಿದ್ಲು. ನಾನೇ ಹಾರ್ನ್ ತೋರಿಸಿದ್ದೆ. ಈಗ ಮತ್ತ ಅದನ್ನೇ ಕೇಳ್ತಾಳ. ಪಾದ್ರಿ ಬೀರುವಿಗೆ ಹೋಗಿ ಹಚ್ಚಿ ಬಾ ಅನ್ನಲೇನು?

ಇನ್ನ ಸಾಕ್ಷಿ ಪತ್ರ. ನೀವು ಸೌಮ್ಯ ಅಂತ ನಾನು ಬರದರ ನನ್ನ ಐದೂ ಡ್ರೈವರ್ ನಕ್ಕು ಲಾರಿ ಗುಂಡಿಗೆ ಇಳಸ್ತಾರ. ಮೊದಲು ಹಾರ್ನ್ ಕೊಡ್ರಿ. ಮುಖ ನೋಡಿ ಮಾತಾಡಿದ್ರ ಕೈಗೆ ಕೈ ಹತ್ತತಾವ, ಅದಕ್ಕ ಕಾಗದಾನೇ ಇರಲಿ.

ಇಂತಿ,
ಕೊಟ್ರಯ್ಯ, ಲಾರಿ ಮಾಲೀಕರು


ಕಂಪ್ಲಿ
೨೬ ಫೆಬ್ರುವರಿ ೨೦೦೭

ಲೇ ಪಾಲಪ್ಪ, ವಂದನೆಗಳು.

ಕೊಟ್ರಯ್ಯಗ ನೀನು ಬರದ ಕ್ಷಮಾಪಣೆಯ ನಕಲು ಓದಿದೆ. ನಿನ್ನ ಕ್ಷಮೆ ಇಷ್ಟು ಕಡಕ್ ಆದರ ನಿನ್ನ ಜಗಳ ಹೆಂಗಿರಬೇಕಪಾ. ಮತ್ತ ಅವನ ವಸ್ತು ಅವನಿಗೆ ಕೊಡಾಕ ಪತ್ರ ಬೇಕು ಅನ್ನೋದು ವ್ಯಾಪಾರ ಆತು. ಸುಮ್ಮನ ಹೋಗಿ ಕೊಟ್ಟು ಬಾ.

ನಿನಗ ಒಂದು ಔಷಧ ಹೇಳ್ತೀನಿ. ಸಿಟ್ಟು ಬಂದರ ಕುಂದ್ರು. ಎಲ್ಲಿದ್ದೀಯೋ ಅಲ್ಲೇ. ಕುರ್ಚಿ ಹುಡುಕಬ್ಯಾಡ, ಹುಡುಕೋದ್ರಾಗ ಸಿಟ್ಟು ಬೆಳೀತೈತಿ. ನೆಲಕ್ಕ ಕುಂದ್ರು. ಕುಂತೋನಿಗೆ ಹೊಡಿಯಾಕ ಕೈ ಏಳಂಗಿಲ್ಲ, ಲಾರಿ ಹತ್ತಾಕ ಕಾಲು ಏಳಂಗಿಲ್ಲ. ಕೆಳಗ ಕುಂತು ಮ್ಯಾಲೆ ನೋಡಿ ಬೈದರ ಬೈಗುಳಾನೂ ಅರ್ಜಿ ಕೊಟ್ಟಂಗ ಕೇಳಸ್ತೈತಿ. ಸಿಟ್ಟು ಪೂರ್ತಿ ಇಳಿಯೋತನಕ ಏಳಬ್ಯಾಡ. ಇದು ಮುಖ್ಯ.

ಇದನ್ನ ನನಗ ಯಾರು ಹೇಳಿಕೊಟ್ರು ಅಂತ ಕೇಳಬ್ಯಾಡ. ಕಂಪ್ಲಿ ಸಭೆಯಾಗ ನನ್ನನ್ನ ಆಕಳಿನಂಥ ಮನುಷ್ಯ ಅಂತಾರ, ಅಷ್ಟು ನಿನಗ ಗೊತ್ತಿದ್ದರ ಸಾಕು.

ಮಂಡಿಗೆ ಎಣ್ಣಿ ಹಚ್ಚಿಸ್ಕೊಂತ ಬರೀತಿರೋ,
ಉಜ್ಜಿನಪ್ಪ


ಯಶವಂತನಗರ
೧೯ ಮಾರ್ಚ್ ೨೦೦೭

ಪೂಜ್ಯ ಅಯ್ಯನವರಿಗೆ ವಂದನೆಗಳು.

ಮೂರು ವಾರದಾಗ ಹದಿನೇಳು ಸಲ ಕುಂತೀನಿ. ಲೆಕ್ಕ ನನ್ನ ಹೆಂಡತಿದು. ಈ ಊರಿನ ಧೂಳು ನಿಮಗ ಗೊತ್ತೈತಿ. ಎಲ್ಲಿ ಕುಂತರೂ ಬಿಳಿ ಪಂಚೆ ಹಿಂದ ಕೆಂಪಗ ಆಗತೈತಿ. ನಾನು ಸಂಜಿಗೆ ಮನಿಗೆ ಬಂದರ ಮೊದಲು ತಿರುಗಿ ನಿಂದ್ರಸ್ತಾಳ. ಊರ ಮಂದೀನೂ ಕಲತಾರ. ಮುಂದಿನಿಂದ ನಮಸ್ಕಾರ ಮಾಡ್ತಾರ, ಹಿಂದಿನಿಂದ ನೋಡಿ 'ಇವತ್ತು ಎರಡು ಸಲ ಆಗೈತಿ' ಅಂತಾರ.

ರೇಷನ್ ಅಂಗಡ್ಯಾಗ ಒಬ್ಬ ನಡುವೆ ನುಗ್ಗಿದ. ನಾನು ಕುಂತೆ. ಸೀಮಿಎಣ್ಣಿ ಇವತ್ತು ಬರಂಗಿಲ್ಲ, ಅದಕ್ಕ ಅಯ್ಯನೋರು ಕುಂತಾರ ಅಂತ ನನ್ನ ಹಿಂದಿನವರೆಲ್ಲಾ ಕುಂತರು, ಇಬ್ಬರು ಮನಿಗೇ ಹೋದರು. ಸಂಡೂರು ಬಸ್ಸಿನ್ಯಾಗ ಕಂಡಕ್ಟರ್ ಒಂದು ಮಾತಂದ, ಬಾಗಿಲ ಹತ್ರ ಕುಂತೆ. ಹಿಂದ ಸೀಟು ಖಾಲಿ ಅದಾವ್ರಿ ಅಂತ ನಾಕು ಸಲ ಹೇಳಿ, ಕಡೀಗೆ ಅವನೇ ಹೆದರಿ ನನ್ನ ತಲಿಗೆ ಗಾಳಿ ಹಾಕಿದ.

ಹೋದ ಐತ್ವಾರ ಹಾರ್ಮೋನಿಯಂನವನು ಹಾಡು ಎಳದ, ಎಳದ, ಮುಗೀಲೇ ಇಲ್ಲ. ನಾನು ಪೀಠದ ಹಿಂದ ಕುಂತುಬಿಟ್ಟೆ. ಎದ್ದು ನಿಂತು ಹಾಡೋ ಹಾಡು ಅದು. ಪದ್ಧತಿ ಬದಲಾತು ಅಂತ ಸಭೆ ಪೂರ್ತಿ ಕುಂತಿತು. ಈಗ ಆ ಹಾಡಿಗೆ ಅವರು ನಿಂದ್ರಾಕ ಒಲ್ಲರು.

ಹಾರ್ನ್ ಕೊಡಾಕ ಕೊಟ್ರಯ್ಯನ ಆಫೀಸಿಗೂ ಹೋಗಿದ್ದೆ, ಬಟ್ಟಿಯಾಗ ಸುತ್ತಿಕೊಂಡು. ನಾನು ಬಾಯಿ ತೆಗಿಯೋದ್ರೊಳಗ ಅವನು 'ಬರ್ರಿ ಬರ್ರಿ, ಸೌಮ್ಯ ಪಾದ್ರಿಯೋರು' ಅಂದ, ಡ್ರೈವರ್‌ಗಳು ನಕ್ಕರು. ಬಾಗಿಲದಾಗೇ ಕುಂತೆ. ಕಾಲು ತಾಸು ಆದರೂ ಇಳೀಲಿಲ್ಲ. ಅವನು ಊಟಕ್ಕ ಹೋಗಾಕ ನನ್ನನ್ನ ದಾಟಿಕೊಂಡು ಹೋದ. ಮನಿಗೆ ಬಂದ ಮ್ಯಾಲೆ ನೋಡ್ತೀನಿ, ಹಾರ್ನ್ ಇನ್ನೂ ನನ್ನ ಬಗಲಾಗೇ ಐತಿ.

ಆದರ ಅಯ್ಯನವರೇ, ಮೂರು ವಾರದಾಗ ಯಾರ ಮ್ಯಾಲೂ ಏನೂ ಒಗದಿಲ್ಲ. ಇದನ್ನ ಕಮಿಟಿಗೆ ಹೇಳ್ರಿ.

ನಿಮ್ಮ,
ಪಾಲಪ್ಪ


ಯಶವಂತನಗರ
೯ ಏಪ್ರಿಲ್ ೨೦೦೭

ಪೂಜ್ಯ ಅಯ್ಯನವರಿಗೆ,

ಪೇಪರಿನ್ಯಾಗ ನೋಡೇ ಇರ್ತೀರಿ. 'ಉಪದೇಶಿ ನೇತೃತ್ವದಲ್ಲಿ ರಸ್ತೆ ತಡೆ'. ಫೋಟೋದಾಗ ನಡುವೆ ಕುಂತಿರೋನು ನಾನೇ. ನೇತೃತ್ವ ನಾನು ಮಾಡಿದ್ದಲ್ಲ. ಆದದ್ದು ಹೇಳ್ತೀನಿ, ವಾದ ಮಾಡಂಗಿಲ್ಲ.

ಗರಿಗಳ ಹಬ್ಬದ ದಿನ ಈಚಲ ಗರಿ ಹಿಡಕೊಂಡು ನಲವತ್ತು ಮಂದಿ ಹಾಡಿಕೊಂತ ರಸ್ತ್ಯಾಗ ಹೊಂಟಿದ್ವಿ. ಎಲ್ಲಾರೂ ಬಿಳಿ ಬಟ್ಟಿ. ಹಿಂದಿನಿಂದ ಒಂದು ಲಾರಿ ಬಂತು. ಹಾಡಿನ್ಯಾಗ ಗೊತ್ತೇ ಆಗಲಿಲ್ಲ. ಡ್ರೈವರ್ ಕಡೀ ಗಳಿಗ್ಯಾಗ ಬ್ರೇಕ್ ಒತ್ತಿ ಪಕ್ಕಕ್ಕ ಎಳದ. ಧೂಳು ಎದ್ದು ನಲವತ್ತೂ ಮಂದಿ ಕೆಂಪಾದರು. ಭೀಮವ್ವ ಗಾಬರಿಯಾಗಿ ಮೋರಿ ಕಡೆ ಬಿದ್ದು ಕೈ ತರಚಿಕೊಂಡ್ಲು.

ನಾನು ಡ್ರೈವರ್ ಕಡೆ ಓಡಿದೆ. ಹಾರ್ನ್ ಯಾಕ ಹೊಡೀಲಿಲ್ಲ ಅಂತ ಕೇಳಾಕ ಬಾಯಿ ತೆಗದೆ. ಲಾರಿ ತಲಿ ನೋಡಿದೆ. ಹಾರ್ನ್ ಇದ್ದ ಜಾಗಾ ಖಾಲಿ ಇತ್ತು. ಕೊಟ್ರಯ್ಯನ ಲಾರಿ ಅದು. ಹೊಡಿಯಾಕ ಅವನ ಹತ್ರ ಏನಿತ್ತು? ಅದು ನನ್ನ ಬೀರುವಿನ್ಯಾಗ ಇತ್ತು.

ಅಂಥ ಸಿಟ್ಟು ನನಗ ಎಂದೂ ಬಂದಿದ್ದಿಲ್ಲ. ಅರ್ಧಕ್ಕರ್ಧ ನನ್ನ ಮ್ಯಾಲೇ ಬಂದಿತ್ತು. ರಸ್ತೆ ನಡುವೆ ಕುಂತುಬಿಟ್ಟೆ.

ಸಭೆ ನೋಡಿತು, ಸಭೆ ಕುಂತಿತು. ಗಣಿಯಿಂದ ಶಿಫ್ಟ್ ಬಿಟ್ಟು ಬರ್ತಿದ್ದ ಜನ, 'ಧೂಳಿನ ಸಲುವಾಗಿ ಅಯ್ಯನೋರು ಧರಣಿ ಕುಂತಾರ, ಭಾಳ ಚೊಲೋ ಆತು' ಅಂತ ಅವರೂ ಕುಂತರು. ಹೆಣ್ಣುಮಕ್ಕಳು ಕೆಂಪಾದ ಹಾಸಿಗಿ ಬಟ್ಟಿ ತಂದು ತೋರಿಸ್ಕೊಂತ ಕುಂತರು. ತಾಸಿನ್ಯಾಗ ಮುನ್ನೂರು ಮಂದಿ. ಲಾರಿ ಸಾಲು ಸಂಡೂರಿನ ಕಡೆ ಕಣ್ಣಿಗೆ ಕಾಣೋತನಕ. ಪೊಲೀಸರು ಬಂದು ನಿಮ್ಮ ಬೇಡಿಕೆ ಏನು ಅಂದರು. ಸಿಟ್ಟು ಇಳೀಬೇಕು ಅಂದೆ. ಅವರು ಬರಕೊಂಡರು. ನಾನು ಏಳಬೇಕಂದ್ರ ಸಿಟ್ಟು ಇಳೀಬೇಕು ಅಂತ ನೀವೇ ಹೇಳೀರಿ, ಅದು ಇಳಿಯಾಕ ಒಲ್ಲದು.

ನಡುವೆ ಕೊಟ್ರಯ್ಯ ಬಂದ. ಆ ಗದ್ದಲದಾಗ ನನ್ನ ಕನ್ನಡಕ ಕೆಳಗ ಬಿದ್ದು ಒಡೀತು. ಮೂರು ತಾಸಿನ ಮ್ಯಾಲೆ ತಾಲೂಕಿನ ಸಾಹೇಬರು ಬಂದು, ದಿನಕ್ಕೆರಡು ಸಲ ರಸ್ತೆಗೆ ನೀರು ಹೊಡಸ್ತೀವಿ, ಐತ್ವಾರ ಮುಂಜಾನೆ ಲಾರಿ ಸಾಲು ಚರ್ಚಿನಿಂದ ದೂರ ನಿಂದ್ರಸ್ತೀವಿ ಅಂತ ಒಪ್ಪಿಕೊಂಡರು. ಎದ್ದೆ.

ಸೌಮ್ಯ ಆಗಾಕ ಹೋಗಿ ರಸ್ತೆ ಬಂದ್ ಮಾಡಿದೆ. ಅರ್ಜಿ ವಾಪಸ್ ತಗೋತೀನಿ, ಕಮಿಟಿಗೆ ನೀವೇ ತಿಳಸ್ರಿ. ಭೀಮವ್ವಗ ಹೆಂಗ ಹೇಳಲಿ ಗೊತ್ತಾಗವಲ್ದು. ಎಂಟು ದಿನದಿಂದ ಆಕಿ ಅಂಗಡಿ ಕಡೆ ಹೋಗಿಲ್ಲ, ಮನ್ಯಾಗೇ ಚಾ ಕುಡೀತೀನಿ. ಮನಸ್ಸಿಗೆ ಭಾಳ ಕೆಟ್ಟ ಅನಿಸೈತಿ.

ಪಾಲಪ್ಪ


ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ
ಯಶವಂತನಗರ
೧೦-೫-೨೦೦೭

ಮಾನ್ಯ ಕಮಿಟಿಯವರಿಗೆ, ಹಿರಿಯ ಪಾದ್ರಿ ಉಜ್ಜಿನಪ್ಪನವರ ಮುಖಾಂತರ.

ವಿಷಯ: ಸಾಕ್ಷಿ ಪತ್ರ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಕೆಳಗೆ ಸಹಿ ಮಾಡಿರುವ ನಾನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಈ ಭಾಷೆ ನನಗ ಇಲ್ಲೀತನಕ ಅಷ್ಟೇ ಬರತೈತಿ. ಮುಂದ ನಾನು ಮಾತಾಡೋ ಹಂಗ ಬರೀತೀನಿ.

ಅರ್ಜಿ ವಾಪಸ್ ತಗೊಂಡೀನಿ ಅಂತ ಪಾಲಪ್ಪನೋರು ಭೀಮವ್ವಗ ಹೇಳಿದ್ರಂತ. ಆಕಿ ಕಟ್ಟು ಕಟ್ಟಿದ ಕೈಲೇ ನನ್ನ ಆಫೀಸಿಗೆ ಬಂದು, 'ಆ ದಿನ ಆದದ್ದು ಬರದು ಕಳಸು, ಇಲ್ಲಾಂದ್ರ ನಿನ್ನ ಡ್ರೈವರ್‌ಗಳಿಗೆ ಚಾ ಇಲ್ಲ' ಅಂದ್ಲು. ಚಾ ಸಲುವಾಗಿ ಬರೀತಿಲ್ಲ. ಬರೀಬೇಕು ಅಂತ ನನಗೂ ಇತ್ತು.

ಪಾಲಪ್ಪನೋರು ಸೌಮ್ಯ ಮನುಷ್ಯ ಅಂತ ನಾನು ಬರಿಯಂಗಿಲ್ಲ. ಸುಳ್ಳಾಗತೈತಿ. ಅಷ್ಟು ಸಿಟ್ಟಿನ ಮನುಷ್ಯನ್ನ ನಾನು ನೋಡಿಲ್ಲ, ನಾನು ಲಾರಿ ಲೈನಿನ್ಯಾಗ ಇರೋನು.

ರಸ್ತ್ಯಾಗ ಕುಂತ ದಿನ ನನ್ನ ಲಾರಿ ಎಲ್ಲಾದಕ್ಕಿಂತ ಮುಂದಿತ್ತು. ನಾನು ಬಂದು ಬಾಯಿಗೆ ಬಂದಂಗ ಬೈದೆ. ಏಳು ಅಂದೆ. ಅವರು ಏಳಲಿಲ್ಲ. ನಾನು ಕಪಾಳಕ್ಕ ಹೊಡದೆ. ಕನ್ನಡಕ ಬಿತ್ತು. ಅದು ತಾನೇ ಬಿತ್ತು ಅಂತ ಅವರು ಎಲ್ಲಾರಿಗೂ ಹೇಳ್ಯಾರಂತ, ನಿಮಗೂ ಹಂಗೇ ಬರದಿರಬೇಕು.

ಹಿಂದ ಮುನ್ನೂರು ಮಂದಿ ಎದ್ದು ನಿಂತರು. ಎಲ್ಲಾರ ಕೈಯಾಗೂ ಕಲ್ಲು. ನಮ್ಮೂರ ರಸ್ತ್ಯಾಗ ಅದಿರಿನ ಕಲ್ಲಿಗೆ ಬರ ಇಲ್ಲ. ಇವತ್ತು ನನ್ನದು ಮುಗೀತು ಅಂದುಕೊಂಡೆ. ನನ್ನ ಡ್ರೈವರ್ ಕ್ಯಾಬಿನ್ನಿನ ಗ್ಲಾಸ್ ಏರಿಸ್ಕೊಂಡ.

ಆವಾಗ ಪಾಲಪ್ಪನೋರು ಹಿಂದ ತಿರುಗಿ, ಕುಂತಲ್ಲಿಂದಾನೇ ಒಂದು ಮಾತು ಅಂದರು. 'ಕುಂದರ್ರಿ.'

ಮುನ್ನೂರೂ ಮಂದಿ ಕುಂತರು, ಕಮಿಟಿಯೋರೇ. ಕಲ್ಲು ಹಿಡಕೊಂಡೇ ಕುಂತರು. ನಾನೊಬ್ಬನೇ ನಿಂತಿದ್ದೆ. ಅವರು ನನ್ನ ಅಂಗಿ ಚುಂಗು ಹಿಡದು ಎಳದು, 'ನೀನೂ ಕುಂದ್ರು ಕೊಟ್ರಯ್ಯ. ಹಾರ್ನ್ ನನ್ನ ಬೀರುವಿನ್ಯಾಗ ಐತಿ, ತಪ್ಪು ನಂದು' ಅಂದರು. ಹೇಳುವಾಗ ಇನ್ನೊಂದು ಕೈಲಿ ನೆಲ ಒತ್ತಿ ಹಿಡದಿದ್ದರು. ಆ ಸಿಟ್ಟು ನನಗ ಕಾಣ್ತಿತ್ತು, ಅವರು ಅದರ ಮ್ಯಾಲೇ ಕುಂತಿದ್ದರು. ನಾನೂ ಕುಂತೆ. ಎರಡು ತಾಸು ಇಬ್ಬರೂ ಬಾಜು ಬಾಜು ಕುಂತ್ವಿ. ಭೀಮವ್ವ ಚಾ ತಂದು ಮೊದಲು ನನಗ ಕೊಟ್ಲು, ಅದು ಯಾಕ ಅಂತ ಇನ್ನೂ ಗೊತ್ತಾಗಿಲ್ಲ.

ಮರುದಿನ ಮುಂಜಾನೆ ನೋಡಿದರ ಹಾರ್ನ್ ಲಾರಿ ಮ್ಯಾಲೆ ಐತಿ. ಹುಣಸಿಹಣ್ಣು ಹಚ್ಚಿ ತಿಕ್ಕ್ಯಾರ, ಬೋಲ್ಟ್ ಹೊಸದು ಹಾಕ್ಯಾರ, ಇನ್ನ ಮ್ಯಾಲೆ ಅವರಿಗೇ ಕೀಳಾಕ ಬರಂಗಿಲ್ಲ. ನನ್ನ ಹೆಂಡತಿ ಆಯುಧ ಪೂಜಿತನಕ ಕಾಯಲಿಲ್ಲ, ಅವತ್ತೇ ಕುಂಕುಮ ಹಚ್ಚಿದ್ಲು.

ಹೊರಗಿನವನು ಅಂತ ನನ್ನನ್ನ ಕೇಳೀರಿ, ಹೇಳೀನಿ. ಪಟ್ಟ ಕೊಡ್ರಿ. ಸಿಟ್ಟಿಲ್ಲದವರು ನಿಮಗ ಭಾಳ ಮಂದಿ ಸಿಗತಾರ, ಅವರು ಯಾರೂ ಆವತ್ತು ಆ ರಸ್ತ್ಯಾಗ ಇದ್ದಿಲ್ಲ.

ಹೊಸ ಕನ್ನಡಕ ನಾನೇ ಮಾಡಿಸಿ ಕೊಟ್ಟೀನಿ. ಚೌಕಟ್ಟು ಚೊಲೋ ಇಲ್ಲ ಅಂತ ಅದಕ್ಕೂ ಜಗಳ ತೆಗದಾರ.

ಇಂತಿ ತಮ್ಮ ವಿಶ್ವಾಸಿ,
ಕೊಟ್ರಯ್ಯ


ಕಂಪ್ಲಿ
೨೮ ಮೇ ೨೦೦೭

ಪಾಲಪ್ಪ,

ನಿನ್ನ ಅರ್ಜಿ ವಾಪಸ್ ತಗೊಳ್ಳೋ ಕಾಗದ ನನ್ನ ದಿಂಬಿನ ಕೆಳಗ ಐತಿ. ಕಮಿಟಿಗೆ ಕೊಡಾಕ ಮರತೆ. ವಯಸ್ಸಾತು.

ಹೋದ ಶನಿವಾರ ಹೊಸಪೇಟ್ಯಾಗ ಕಮಿಟಿ ಕೂಡಿತ್ತು. ಕೊಟ್ರಯ್ಯನ ಪತ್ರ ನಾನೇ ಓದಿದೆ, ನಡುವೆ ಎರಡು ಸಲ ನೀರು ಕುಡದೆ. ಎಲ್ಲಾರೂ ಪತ್ರ ಕೈಯಿಂದ ಕೈಗೆ ದಾಟಿಸಿ ನೋಡಿದರು. ಒಬ್ಬರು ಮಾತ್ರ, ಪೇಪರಿನ್ಯಾಗ ಫೋಟೋ ಬಂದವನಿಗೆ ಪಟ್ಟ ಕೊಟ್ಟರ ಮಂದಿ ಏನಂತಾರ, ಕಪಾಳಕ್ಕ ಹೊಡಿಸ್ಕೊಂಡದ್ದು ಒಂದು ಗುಣ ಏನು, ಅಂದರು.

ನಾನು ಹೋಗಿ ನೆಲಕ್ಕ ಕುಂತೆ.

ಕಮಿಟಿ ಎದ್ದು ನಿಂತಿತು. ಅಯ್ಯನವರಿಗೆ ತಲಿ ತಿರುಗಿತು ಅಂತ ನೀರು ತಂದರು, ಬೀಸಣಿಕಿ ತಂದರು. ಏನಿಲ್ಲ, ಸಿಟ್ಟು ಬಂದೈತಿ, ಪಟ್ಟ ಕೊಟ್ಟ ಮ್ಯಾಲೆ ಏಳ್ತೀನಿ ಅಂದೆ. ನಲವತ್ತೊಂದು ವರ್ಷದಾಗ ಅವರು ನನ್ನ ಸಿಟ್ಟು ನೋಡಿದ್ದೇ ಇಲ್ಲ. ಐದು ನಿಮಿಷದಾಗ ಠರಾವು ಪಾಸಾತು. ಎಬ್ಬಿಸಾಕ ಮಾತ್ರ ನಾಕು ಮಂದಿ ಬೇಕಾದರು.

ಜೂನ್ ಹದಿನೇಳು ಐತ್ವಾರ, ನಿನ್ನ ಚರ್ಚಿನ್ಯಾಗೇ. ನಿನ್ನ ತಲಿ ಮ್ಯಾಲೆ ಕೈ ಇಡಾಕ ನಾನೇ ಬರ್ತೀನಿ. ಪಟ್ಟ ಆದ ಕೂಡ್ಲೆ ಭೀಮವ್ವನ ದೀಕ್ಷಾಸ್ನಾನ, ನಿನ್ನ ಖರೇನ 'ಪಾದ್ರಿ' ಅಂತ ಕರಿಯೋ ಮೊದಲನೇ ಬಾಯಿ ಆಕಿದಾಗಲಿ. ಬಿಳಿ ಸೀರಿ ತೊಳದಿಟ್ಟಿರು ಅಂತ ಹೇಳು. ಕೊಟ್ರಯ್ಯನ್ನ ಕರಿ, ಅವನ ಹೆಂಡತಿನ್ನೂ ಕರಿ. ಭೀಮವ್ವನ ತಲಿಗೆ ನೀರು ಬಿದ್ದಾಗ ಹೊರಗಿನಿಂದ ಒಂದು ಸಲ ಹಾರ್ನ್ ಹೊಡಿಲಿ. ನೀನು ಆವಾಗ ಕುಂದರಬ್ಯಾಡ.

ನನಗ ಒಂದು ಎತ್ತರದ ಕುರ್ಚಿ ಇಡು. ಈ ಮಂಡಿ ನೋವು ಪ್ರಾರ್ಥನೆ ಮಾಡಿ ಮಾಡಿ ಬಂದದ್ದು ಅಂತ ಕಂಪ್ಲಿ ಸಭೆ ನಂಬೈತಿ, ಪ್ರಸಂಗದಾಗ ಸೈತ ಹೇಳ್ತಾರ. ನಲವತ್ತೊಂದು ವರ್ಷ ದಿನಾ ನೆಲಕ್ಕ ಕುಂತು ಕುಂತು ಎದ್ದು ಬಂದದ್ದು ಅಂತ ನಿನಗೊಬ್ಬನಿಗೆ ಗೊತ್ತಿರಲಿ.

ನಿನ್ನಂಥವನೇ ಆದ,
ಉಜ್ಜಿನಪ್ಪ